ಶಾಂತವಾದ ಮನೆ

ರೀ,

ಮಾತು ಬಿಟ್ಟಿರೋದು ಬಿಟ್ಟ ಹಾಗೇ ಇದೆ. ಇದು ಬರೀ ಚೀಟಿ.

ನಾನು ಕೆಲಸ ಮಾಡೋ ಟೈಲರ್ ಅಂಗಡಿಯ ಕೀ ನನ್ನ ಹತ್ತಿರವೇ ಇದೆ. ಬಾಗಿಲು ತೆಗೆದುಕೊಟ್ಟು ನೇರ ಆಸ್ಪತ್ರೆಗೆ ಬರ್ತೀನಿ. ರಿಪೋರ್ಟ್ ಕೊಡೋದು ಇವತ್ತೇ, ನೀವು ಹತ್ತು ಗಂಟೆಗೆ ಅಲ್ಲಿರಿ. ಬಸ್ ಡಿಪೋಗೆ ಹೋಗಿ ಉಳಿದ ಕಂಡಕ್ಟರುಗಳ ಜೊತೆ ಹರಟೆ ಹೊಡೀತಾ ಕೂತ್ಕೋಬೇಡಿ.

ಅನ್ನ ಮೆತ್ತಗೆ ಮಾಡಿದ್ದೀನಿ, ಖಾರ ಹಾಕಿಲ್ಲ. ಬಿಸಿ ಆರಿದ ಮೇಲೆ ಉಣ್ಣಿ. ಕನ್ನಡಿ ಮುಂದೆ ನಿಂತು ಪದೇ ಪದೇ ನಾಲಿಗೆ ಚಾಚಬೇಡಿ, ನೋಡಿದ್ರೆ ಹುಣ್ಣು ವಾಸಿಯಾಗಲ್ಲ.

ಹುಣ್ಣು ಯಾವಾಗಿಂದ ಇದೆ ಅಂತ ಡಾಕ್ಟರ್ ಕೇಳಿದ್ರೆ "ಮೊನ್ನೆ ಮೊನ್ನೆ ಆಗಿದ್ದು" ಅಂತ ಬುರುಡೆ ಬಿಡಬೇಡಿ. ಹೋದ ಸಲ ಅವರು, "ರಿಪೋರ್ಟಲ್ಲಿ ಕ್ಯಾನ್ಸರ್ ಅಂತ ಬಂದ್ರೆ ಆಪರೇಷನ್ ಮಾಡಿ ನಾಲಿಗೆಯ ಅಂಚು ತೆಗೀಬೇಕಾಗುತ್ತೆ, ಮಾತು ತೊದಲಬಹುದು" ಅಂದಾಗ ನೀವು ನನ್ನ ಕಡೆ ತಿರುಗಿ ಹಲ್ಲು ಕಿರಿದು, "ನಿಂಗೇ ಒಳ್ಳೇದು ಬಿಡೇ, ಮನೆ ಶಾಂತವಾಗಿರುತ್ತೆ" ಅಂದ್ರಲ್ಲ, ಅದಕ್ಕೇ ನಾನು ಮಾತು ಬಿಟ್ಟಿದ್ದು.

ಆವತ್ತಿಂದ ಮನೆ ಶಾಂತವಾಗೇ ಇದೆ. ನಡುಮನೆಯ ಗಡಿಯಾರದ ಸದ್ದು ಅಡುಗೆಮನೆವರೆಗೂ ಕೇಳುತ್ತೆ.

ನನ್ನ ಕೈಲಿ ಆಗಲ್ಲ ರೀ. ಇವತ್ತು ಡಾಕ್ಟರ್ ಒಳಗೆ ಕರೆಯೋ ಮುಂಚೆ, ಬಸ್ಸಲ್ಲಿ ಕೂಗ್ತೀರಲ್ಲ, ಅದೇ ಗಂಟಲಲ್ಲಿ, ಬೈದಾದ್ರೂ ಸರಿ, ನನ್ನನ್ನ ಮಾತಾಡಿಸಿ.