ಹಾಡಿನ ನಡುವೆ ಒಂದು ಆಯೇರಿ

ಶಿಲ್ಲಾಂಗ್, ೧೪-೧೧-೧೯೯೮

ಕಾಕಾ ಅವರಿಗೆ ಇಲ್ಲಿಯ ಚಳಿಯೊಳಗಿಂದ ನಮಸ್ಕಾರ.

ನೀವು ಕಬ್ಬಿನ ಟ್ರ್ಯಾಕ್ಟರಿನಲ್ಲಿ ದಿನಾ ಹಾಕುವ ಇಂಗ್ಲಿಷ್ ಕ್ಯಾಸೆಟ್ಟಿನ ರಾಕ್ ಬ್ಯಾಂಡನ್ನು ನಿನ್ನೆ ಸಂಜೆ ಕಣ್ಣಾರೆ ಕಂಡೆ. ನಮ್ಮ ಬ್ಯಾಂಕಿನ ಹಿಂದೆಯೇ ಒಂದು ಸಣ್ಣ ಕ್ಲಬ್ಬು, ಐವತ್ತು ಕುರ್ಚಿ. ಹಾಡುವವರು ಒಬ್ಬ ಮುದುಕರು, ಅರವತ್ತು ದಾಟಿದೆ, ಹಲ್ಲು ಕಡಿಮೆ, ದನಿ ಮಾತ್ರ ಕ್ಯಾಸೆಟ್ಟಿನದೇ.

ನಿಮ್ಮ ಮೆಚ್ಚಿನ ಹಾಡು ಬಂತು. ಊರ ಬಯಲಾಟದಲ್ಲಿ ಮೆಚ್ಚಿದ ಪಾತ್ರಧಾರಿಗೆ ಆಟದ ನಡುವೆಯೇ ಉಡುಗೊರೆ ಕೊಡುವಂತೆ ನಾನು ಎದ್ದು ಹೋಗಿ, ಹೊದ್ದಿದ್ದ ಶಾಲನ್ನು ಅವರಿಗೆ ಹೊದಿಸಿ, "ದೇವಣಗಾಂವದ ನಿಂಗನಗೌಡ ಕಾಕಾರ ಆಯೇರಿ ಐತ್ರೀ!" ಎಂದು ಕೂಗಿದೆ. ಡ್ರಮ್ಮು ನಿಂತಿತು. ಇಲ್ಲಿ ಹಾಡಿನ ನಡುವೆ ಯಾರೂ ಆಯೇರಿ ಮಾಡುವುದಿಲ್ಲವಂತೆ. ಕಾವಲಿನವನು ನನ್ನ ತೋಳು ಹಿಡಿದ. ಮುದುಕರು ಅವನನ್ನು ತಡೆದು, ಹೆಸರನ್ನು ಮತ್ತೊಮ್ಮೆ ಕೇಳಿಕೊಂಡು, ಮೈಕಿನಲ್ಲಿ "ನಿಂಗನಗೌಡ ಕಾಕಾ" ಎಂದು ಹೇಳಿ, ಹಾಡನ್ನು ಮೊದಲಿನಿಂದ ಹಾಡಿದರು. ಜನ ಚಪ್ಪಾಳೆ ತಟ್ಟಿದರು. ಅವರು ಕೊನೆಯವರೆಗೂ ಶಾಲು ತೆಗೆಯಲಿಲ್ಲ, ವಾಪಸ್ ಕೇಳಲು ನನಗೂ ಬಾಯಿ ಬರಲಿಲ್ಲ.

ಆರೋಗ್ಯ ಚೆನ್ನಾಗಿದೆ, ಸ್ವಲ್ಪ ಕೆಮ್ಮು. ಶಾಲು ಕಾಕಿಯ ತಂದೆಯವರದು, ಜೋಪಾನವಾಗಿ ವಾಪಸ್ ತಾ ಎಂದು ಕಾಕಿಯೇ ಕೊಟ್ಟಿದ್ದರು. ಆದ್ದರಿಂದ ಈ ಕಾರ್ಡನ್ನು ಎಂದಿನಂತೆ ಅವರ ಮುಂದೆ ಗಟ್ಟಿಯಾಗಿ ಓದಬೇಡಿ.

ನಿಮ್ಮ ಶಾಂತಗೌಡ