ಇನ್‌ಕ್ಯುಬೇಟರಿನ ಬಾಗಿಲು

ಪ್ರೀತಿಯ ಮಾದಣ್ಣ,

ನೀವು ಓದುವುದಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೇನೋ. ಇದ್ದಾಗ ಹೇಳಲು ಬಾಯಿ ಬರಲಿಲ್ಲವಲ್ಲ.

ಕೊಳ್ಳೇಗಾಲದ ಕಾಲೇಜಿಗೆ ನಾನು ಸಂಶೋಧನೆಗೆಂದು ಸೇರಿದ ಮೊದಲ ವಾರ ನೆನಪಿದೆಯೇ? ನೀವು ಲ್ಯಾಬ್ ಅಟೆಂಡರ್. "ಏನವ್ವ ಇದು, ಸ್ಪಂಜ್ ತುಂಡ ನೀರ್ಗಾಕಿ ಮಡ್ಗಿದ್ದೀಯಲ್ಲ?" ಎಂದು ಕೇಳಿದಿರಿ. ಅದು ಬರೀ ನೀರಲ್ಲ, ನಮ್ಮ ರಕ್ತದಲ್ಲಿರುವ ಲವಣಗಳನ್ನೇ ಹೆಚ್ಚುಕಡಿಮೆ ಅದೇ ಅಳತೆಯಲ್ಲಿ ಕರಗಿಸಿದ ದ್ರಾವಣ ಎಂದೆ. ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿ ಮೈಯಷ್ಟೇ ಬಿಸಿಯಲ್ಲಿಟ್ಟು, ಎರಡು ದಿನಕ್ಕೊಮ್ಮೆ ಬದಲಿಸುತ್ತ ಹೋದರೆ ಸ್ಪಂಜಿನ ಎಳೆಗಳ ಮೇಲೆ ಮೂಳೆಯ ಖನಿಜ ತಾನಾಗಿ ಪದರ ಕಟ್ಟುತ್ತದೆ; ಮುರಿದ ಕಡೆ ಇಟ್ಟರೆ ಮೂಳೆ ಅದನ್ನು ತನ್ನದೆಂದೇ ಹಿಡಿದುಕೊಳ್ಳಬೇಕು, ಅದೇ ನಮ್ಮ ಆಸೆ. ಹುಣಸೆಮರದಿಂದ ಬಿದ್ದು ಸೊಟ್ಟಗೆ ಕೂಡಿಕೊಂಡಿದ್ದ ಎಡಗಾಲು ಸವರಿಕೊಂಡು ನೀವು, "ನನ್ ಕಾಲ್ಗೂ ವಸಿ ಬಳ್ದ್‌ಬುಡವ್ವ" ಎಂದಿರಿ. ಇಬ್ಬರೂ ನಕ್ಕೆವು.

ಅಲ್ಲಿಂದ ದಿನಾ ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ಒಂದು ಚೂರು ತೆರೆದು ಇಣುಕುತ್ತಿದ್ದಿರಿ. "ಬೆಳೀತಾ ಅದಾ?" ಎಂದು ಪಿಸುದನಿಯಲ್ಲಿ ಕೇಳುತ್ತಿದ್ದಿರಿ, ಒಳಗೆ ಕೂಸು ಮಲಗಿದ ಹಾಗೆ. "ನೋಡಿ, ಪರವಾಗಿಲ್ಲ" ಎಂದು ಒಪ್ಪಿಗೆ ಕೊಟ್ಟವಳೇ ನಾನು.

ಆ ಶನಿವಾರ ನನಗೆ ಕೌದಳ್ಳಿ ಬಸ್ಸಿನ ಅವಸರ. ಹೊಸ ದ್ರಾವಣ ಮಾಡುವಾಗ ಒಂದು ಲವಣ ಪೂರ್ತಿ ಕರಗಿದ ಮೇಲೆ ಇನ್ನೊಂದನ್ನು ಹಾಕಬೇಕು. ನಾನು ಒಂದರ ಹಿಂದೊಂದು ಸುರಿದೆ. ಬಾಟಲಿಯ ತಳಕ್ಕೆ ಬಿಳಿ ಪುಡಿ ಇಳಿಯಿತು. ಕಂಡೂ ಕಾಣದವಳಂತೆ ಡಬ್ಬಿಗಳಿಗೆ ತುಂಬಿ ಹೊರಟೆ. ಎಳೆಗಳ ಮೇಲೆ ಕೂರಬೇಕಾದ ಖನಿಜ ತಳಕ್ಕೆ ಬಿದ್ದು, ಅಷ್ಟೂ ಸ್ಯಾಂಪಲ್ ಹಾಳಾದವು.

ಗೈಡ್ ಮೇಡಂ ಕೇಳಿದಾಗ ನಾನು ಹೇಳಿದ್ದೇನು? "ಮಾದಣ್ಣ ಆಗಾಗ ಬಾಗಿಲು ತೆಗೀತಿರ್ತಾರೆ, ಮೇಡಂ." ಸುಳ್ಳಲ್ಲ ನೋಡಿ. ಸುಳ್ಳಲ್ಲದ್ದರಿಂದಲೇ ಅಷ್ಟು ಸಲೀಸಾಗಿ ಬಂತು. ಬಿಸಿ ಇಳಿದು ಹಾಳಾಯಿತೆಂದು ಅವರು ನಂಬಿದರು. ನೀವು ತಲೆ ತಗ್ಗಿಸಿ, "ತಪ್ಪಾಯ್ತು ಮೇಡಮ್ಮೋರೆ" ಎಂದಿರಿ. ಮರುದಿನವೇ ನಿಮ್ಮನ್ನು ಗೇಟಿನ ಕಾವಲಿಗೆ ಹಾಕಿದರು. ನಾನು ದಿನಾ ಅದೇ ಗೇಟಿನಲ್ಲಿ ಬಂದೆ, ಹೋದೆ. ಒಂದೇ ಒಂದು ಮಾತು ಆಡಿದ್ದರೆ...

ನೀವು ತೀರಿಕೊಂಡ ದಿನವೂ ನಿಮ್ಮೂರು ಶಾಗ್ಯಕ್ಕೆ ಬರಲಿಲ್ಲ. ಇವತ್ತು ದ್ರಾವಣ ಬದಲಿಸಬೇಕು ಎಂದು ನೆಪ ಹೇಳಿಕೊಂಡೆ. ನಾಚಿಕೆಯಾಗುತ್ತದೆ, ಮಾದಣ್ಣ.

ಈ ಸಲದ ಸ್ಯಾಂಪಲ್‌ಗಳನ್ನು, ನಿಮ್ಮ ಹಾಗೆಯೇ, ದಿನಾ ಬೆಳಿಗ್ಗೆ ಬಾಗಿಲು ತೆರೆದು ನೋಡಿದೆ. ಪದರ ಚೆನ್ನಾಗಿಯೇ ಬೆಳೆಯಿತು. ಹಾಳಾದದ್ದು ಬಾಗಿಲಿನಿಂದಲ್ಲ ಎಂದು ನನಗೆ ಮೊದಲೇ ಗೊತ್ತಿದ್ದದ್ದು ಈಗ ಕಣ್ಣೆದುರಿಗೆ ಬಂದು ಕೂತಿತು. ಮೊನ್ನೆ ಮೇಡಂಗೆ ಎಲ್ಲ ಹೇಳಿಬಿಟ್ಟೆ. ಅವರು, "ನನಗೆ ಹೇಳಿದರೆ ಆಯಿತಾ?" ಎಂದರು.

ನಿನ್ನೆ ಶಾಗ್ಯಕ್ಕೆ ಹೋದೆ. ನಿಮ್ಮ ಹೆಂಡತಿ ಪುಟ್ಟಮ್ಮನವರ ಮುಂದೆ ಕೂತು ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸಾಯಗಂಟ ಅದೇ ಕೊರಗು ಕಣವ್ವ ಅವ್ರ್ಗೆ. ಆ ಮಗೀನ್ ಓದು ನನ್ನಿಂದ ಆಳಾಯ್ತು, ಒಂದಿನ ತಪ್ಪಾಯ್ತು ಅಂತ ಕೇಳ್ಬೇಕು ಅಂತಿದ್ರು. ಗೇಟ್ನಾಗೆ ನಿನ್ ಕಂಡ್ರೆ ಬಾಯೇ ಬತ್ತಿರ್ನಿಲ್ವಂತೆ."

ನಿಮಗೂ ಬಾಯಿ ಬರುತ್ತಿರಲಿಲ್ಲವೇ? ನಿಮಗೇಕೆ?

ಸೋಮವಾರ ಡಿಪಾರ್ಟ್‌ಮೆಂಟಿನವರೆಲ್ಲರ ಮುಂದೆ ಹೇಳುತ್ತೇನೆ. ಪುಟ್ಟಮ್ಮನವರನ್ನೂ ಕರೆದಿದ್ದೇನೆ, ಬರುತ್ತೇನೆಂದಿದ್ದಾರೆ. ಅವರು ಎದುರಿಗೆ ಕೂತಿರಲಿ. ಇಲ್ಲದಿದ್ದರೆ ನಾನು ಮತ್ತೆ ಅರ್ಧ ನಿಜ ಹೇಳಿ ತಪ್ಪಿಸಿಕೊಂಡೇನು.

ಸವಿತ