ಕಿಟಕಿ ಕೊರೆದ ರಟ್ಟು

2-6-1986, ಸೋಮವಾರ

ಮಂಡಲ ಆಫೀಸಿನ ಅಂಗಳದ ಬೇವಿನ ಮರದ ಕೆಳಗೆ ಇವತ್ತು ಜನರಿಗೆ ಹದಿನಾಲ್ಕು ಅರ್ಜಿ ಬರೆದುಕೊಟ್ಟೆ. ಎಲ್ಲವೂ ಆಂಧ್ರ ಸರ್ಕಾರ ಬಡವರಿಗೆ ಕೊಡುವ ಮನೆಜಾಗದವು. ಆಫೀಸಿನವರಿಗೆ ಹೊಸ ಫಾರಂ ಬಂದಿದೆ — ಮೂವತ್ತೊಂದು ಕಾಲಂ. ಇದನ್ನು ತಯಾರಿಸಿದವನು ಎಷ್ಟು ಓದಿದ್ದಾನೋ, ಬುದ್ಧಿಯಂತೂ ಓದಿನ ಜೊತೆ ಬಂದಿಲ್ಲ. ನಾಲ್ಕನೇ ಕಾಲಮ್ಮಿನಲ್ಲಿ ಯಾವುದಾದರೂ ಒಂದಕ್ಕೆ ಗುರುತು ಹಾಕಬೇಕು: ಸಂಸಾರಸ್ಥರು, ವಿಧವೆ, ಅಂಗವಿಕಲರು, ಮಾಜಿ ಸೈನಿಕರು. ಸಂಸಾರಸ್ಥರು ತುಂಬಬೇಕಾದ್ದು ಒಂಬತ್ತರಿಂದ ಹದಿನೈದು. ವಿಧವೆ ಹದಿನಾರರಿಂದ ಹತ್ತೊಂಬತ್ತು. ತಮ್ಮದಲ್ಲದ್ದನ್ನು ಖಾಲಿ ಬಿಡಬೇಕು, ಬಿಡದಿದ್ದರೆ ಅರ್ಜಿ ವಜಾ. ಈ ಮಾತು ಬರೆದಿರುವುದೆಲ್ಲಿ? ಕಾಗದದ ತಳದಲ್ಲಿ, ಇರುವೆ ಸಾಲಿನಂಥ ತೆಲುಗು ಅಕ್ಷರದಲ್ಲಿ.

ನಮ್ಮ ಜನ ಖಾಲಿ ಕಂಡಲ್ಲೆಲ್ಲ ತುಂಬುವವರು. ಆಸ್ಪರಿಯ ಯಂಕಣ್ಣ ಹುಟ್ಟಿದಾಗಿನಿಂದ ಕುರಿ ಬಿಟ್ಟರೆ ಏನನ್ನೂ ಕಾದವನಲ್ಲ. ಸೈನ್ಯದ ನಂಬರು ಕೇಳಿದ ಕಡೆ ರೇಷನ್ ಕಾರ್ಡಿನ ನಂಬರು ಬರೆಸಿಕೊಂಡು ಬಂದಿದ್ದ.

ಒಳಗೆ ಹೋಗಿ ಗುಮಾಸ್ತ ಸೇತುಮಾಧವನಿಗೆ ಹೇಳಿದೆ, ನಾಲ್ಕು ಥರದವರಿಗೆ ನಾಲ್ಕು ಫಾರಂ ಮಾಡಬಾರದಿತ್ತೆ ಎಂದು. "ಮ್ಯಾಲಿಂದ ಬಂದದ್ದು, ಉಚ್ಚೀರಪ್ಪ. ನಮ್ಮ ಕೈಯಾಗ ಏನದ?" ಅಂದ. ಇವರ ಕೈಯಲ್ಲಿ ಚಹಾದ ಗ್ಲಾಸು ಬಿಟ್ಟು ಬೇರೇನು ಇತ್ತು ಯಾವತ್ತಾದರೂ? ಬಿ.ಕಾಂ. ಅಂತೆ.

4-6

ಆದೋನಿಗೆ ಹೋಗಿ ಜವಳಿ ಅಂಗಡಿಯಲ್ಲಿ ಶರ್ಟಿನ ಖಾಲಿ ಬಾಕ್ಸು ಕೇಳಿ ತಂದೆ. ಫಾರಮ್ಮಿನ ಅಳತೆಗೆ ರಟ್ಟು ಕತ್ತರಿಸಿದೆ. ಒಂದರಲ್ಲಿ ಸಂಸಾರಸ್ಥರ ಕಾಲಂ ಇರುವಷ್ಟು ಜಾಗ ಮಾತ್ರ ಬ್ಲೇಡಿನಿಂದ ಕೊರೆದೆ, ಕಿಟಕಿಯ ಹಾಗೆ. ಇನ್ನೊಂದು ವಿಧವೆಯರಿಗೆ. ಇನ್ನೆರಡು ಉಳಿದವರಿಗೆ. ನಾಲ್ಕನೇ ಕಾಲಮ್ಮಿಗೆ ಗುರುತು ಹಾಕುವುದು, ಅದಕ್ಕೆ ತಕ್ಕ ರಟ್ಟು ಮೇಲಿಡುವುದು, ಕಿಟಕಿಯಲ್ಲಿ ಕಂಡಷ್ಟನ್ನು ತುಂಬುವುದು. ಬೇಡದ್ದು ಕಣ್ಣಿಗೇ ಬೀಳುವುದಿಲ್ಲ.

ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ತಲೆಗೆ ಹೊಳೆದದ್ದು ಇಡೀ ಆಫೀಸಿಗೆ ಹೊಳೆಯಲಿಲ್ಲ. ಸೇತುಮಾಧವ ಬಂದು ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿ, ಚೆನ್ನಾಗಿದೆ, ಆದರೆ ತುಂಬಿದ ಮೇಲೆ ಒಮ್ಮೆ ಎತ್ತಿ ನೋಡುವುದು ಒಳ್ಳೆಯದು ಅಂದ. ನನಗೆ ಬುದ್ಧಿ ಹೇಳಲು ಬಂದಿದ್ದಾನೆ... ಉಗಿಯಲಿಲ್ಲ, ಅಷ್ಟೇ.

6-6

ಹೊಳಗುಂದ ಕಡೆಯ ಗಾದಿಲಿಂಗಮ್ಮ ಬಂದಿದ್ದಳು. ಗಂಡ ಬಜಾರಪ್ಪ ಆದೋನಿಯ ಹತ್ತಿ ಮಿಲ್ಲಿನಲ್ಲಿ ಹಮಾಲಿ. ಹತ್ತಿ ಧೂಳು ಕುಡಿದು ಕುಡಿದು ಎದೆ ಹಿಡಿದಿದೆಯಂತೆ, ಮಲಗಿದ್ದಾನೆ. ಎರಡು ಹೆಣ್ಣುಮಕ್ಕಳು. ಇರುವುದು ಮೈದುನನ ಮನೆಯ ಒಂದು ಕೋಣೆಯಲ್ಲಿ. ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗೆ ಹಿಡಿದು ನಿಂತಳು. ಕಡೆಗೆ ರೇಷನ್ ಕಾರ್ಡು ತೋರಿಸಿದಳು. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ಮಿಲ್ಲಿಗೆ ಹೋದರೆ ಆಗುವುದಿಲ್ಲವೋ? ಬೈದೆ.

ಸಂಸಾರಸ್ಥರ ರಟ್ಟು ಇಟ್ಟು ಬರೆದೆ. ಗಂಡನ ಕೆಲಸ, ಕೂಲಿ, ಒಟ್ಟಿಗೆ ವಾಸವೇ ಎಂದರೆ ಹೌದು. ಫೋಟೊ ಅಂಟಿಸಿಕೊಂಡು ಬಾ ಎಂದು ಫಾರಂ ಅವಳ ಕೈಗೇ ಕೊಟ್ಟೆ. ಕಳಕೊಂಡರೆ ಮುಗಿಯಿತು, ಒಬ್ಬರಿಗೆ ಒಂದೇ ಫಾರಂ, ಅದಕ್ಕೂ ನಂಬರು.

24-6

ನಾಳೆ ಕೊನೆಯ ದಿನ. ಇಷ್ಟು ದಿನ ಮಲಗಿದ್ದವರೆಲ್ಲ ಇವತ್ತು ಎದ್ದು ಬಂದಿದ್ದಾರೆ. ಮೂವತ್ತು ಜನ ನನ್ನ ಮೈಮೇಲೆ.

ಗಾದಿಲಿಂಗಮ್ಮನೂ ಬಂದಳು. ಹಣೆ ಖಾಲಿ, ಕೈ ಖಾಲಿ. ಬಜಾರಪ್ಪ ತೀರಿಕೊಂಡು ಹನ್ನೆರಡು ದಿನವಾಯಿತಂತೆ. ಶ್ರಾವಣ ಬರುವುದರೊಳಗೆ ಕೋಣೆ ಬಿಡು ಅಂದಿದ್ದಾನಂತೆ ಮೈದುನ, ದಿನಕರ್ಮ ಮುಗಿದ ಮಾರನೆಯ ದಿನವೇ. ಅವನ ಬಾಯಿಗೆ ಮಣ್ಣು ಹಾಕ.

ಹೊಸ ಫಾರಂ ಕೊಡುವುದಿಲ್ಲ. ಇದ್ದದ್ದರಲ್ಲೇ ಹಳೆಯ ಗುರುತು ಹೊಡೆದುಹಾಕಿ, ವಿಧವೆ ಎಂಬಲ್ಲಿ ಹಾಕಿ, ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿಸಿದೆ. ವಿಧವೆಯರ ರಟ್ಟು ಇಟ್ಟೆ, ಕಿಟಕಿಯಲ್ಲಿ ಕಂಡ ನಾಲ್ಕು ಕಾಲಂ ತುಂಬಿದೆ, ಮಡಚಿ ಕೊಟ್ಟೆ. ಎರಡು ನಿಮಿಷದ ಕೆಲಸ. ವಿಧವೆಯರಿಗೆ ಮೊದಲ ಪಾಳಿ, ಜಾಗ ಸಿಕ್ಕ ಹಾಗೇ ತಿಳಿ ಅಂದೆ.

14-7, ಸೋಮವಾರ

ಪಟ್ಟಿ ಅಂಟಿಸಿದರು. ಗಾದಿಲಿಂಗಮ್ಮನ ಹೆಸರಿಲ್ಲ. ಪಕ್ಕದ ವಜಾ ಪಟ್ಟಿಯಲ್ಲಿದೆ.

ಸೇತುಮಾಧವ ರಜೆಯಲ್ಲಿದ್ದ. ಇಲ್ಲದಿದ್ದರೇನು, ಅಂಗಳದ ನಡುವೆ ನಿಂತು ಅಂದೆ, ಎಲ್ಲರಿಗೂ ಕೇಳುವ ಹಾಗೆ. ಗಂಡ ಸತ್ತವಳ ಜಾಗ ತಿಂದು ಯಾರಿಗೋ ಮಾಡಿಕೊಟ್ಟಿದ್ದಾರೆ, ಹೊಲಸು ತಿನ್ನುವವರು ಅಂದೆ. ಜನ ಹೌದೆಂದು ತಲೆಯಾಡಿಸಿದರು. ಅವಳು ಕಂಬಕ್ಕೆ ಒರಗಿ ಕೂತಿದ್ದಳು. "ನಾ ಬಿಡಂಗಿಲ್ಲವ್ವಾ. ತಪ್ಪು ಇವರದು" ಅಂದೆ.

15-7

ಬೆಳಿಗ್ಗೆ ಸೇತುಮಾಧವನ ಟೇಬಲ್ಲಿನ ಮುಂದೆ ನಿಂತು ನಿನ್ನೆ ಅಂದದ್ದನ್ನೇ ಮತ್ತೆ ಅಂದೆ. ಅವನು ಬೀರುವಿನಿಂದ ಅರ್ಜಿ ತೆಗೆದು ನನ್ನ ಕಡೆ ತಿರುಗಿಸಿಟ್ಟ.

"ಸತ್ತಾವ ಇನ್ನೂ ಹಮಾಲಿ ಮಾಡ್ಲಿಕ್ಕೆ ಹತ್ತ್ಯಾನೇನು, ಉಚ್ಚೀರಪ್ಪ?"

ಹದಿನಾರನೇ ಕಾಲಮ್ಮಿನಲ್ಲಿ ಗಂಡ ಸತ್ತ ತಾರೀಖು. ಹನ್ನೊಂದರಲ್ಲಿ ಅದೇ ಗಂಡನ ಕೆಲಸ, ಹನ್ನೆರಡರಲ್ಲಿ ಕೂಲಿ, ಹದಿಮೂರರಲ್ಲಿ ಒಟ್ಟಿಗೆ ವಾಸ — ಹೌದು. ನನ್ನದೇ ಅಕ್ಷರ. ಮೊದಲ ಸಲ ಬರೆದದ್ದು ಅಳಿಸಿಯೇ ಇಲ್ಲ. ವಿಧವೆಯರ ರಟ್ಟು ಅದನ್ನೆಲ್ಲ ಮುಚ್ಚಿತ್ತು. ನನಗೆ ಕಾಣಲಿಲ್ಲ. ರಟ್ಟಿಲ್ಲದವರಿಗೆಲ್ಲ ಕಾಣುತ್ತದೆ.

ಸುಳ್ಳು ಹೇಳಿ ಜಾಗ ಹೊಡೆಯಲು ನೋಡಿದವಳು ಎಂದು ಅವಳ ಹೆಸರಿನ ಮುಂದೆ ಕೆಂಪು ಮಸಿಯಲ್ಲಿ ಬರೆದಿದ್ದಾರೆ. ಹೆಬ್ಬೆಟ್ಟು ಅವಳದಲ್ಲವೆ.

ಮರದ ಕೆಳಗೆ ಕೂಡಲಿಲ್ಲ. ಮನೆಗೆ ಬಂದೆ. ಹೆಂಡತಿ ಊರಮ್ಮನಿಗೆ ಹೇಳಿದೆ. ಹೇಳಬಾರದಿತ್ತು.

"ಊರಿಗೆಲ್ಲ ಕಣ್ಣಿಲ್ಲಂತಿದ್ದಿ. ನಿನಗ ಬಾಯಿ ಅಷ್ಟ ಕೊಟ್ಟಾನೇನು ದೇವರು?" ಅಂದಳು.



17-7

ನಿನ್ನೆ ಏನೂ ಬರೆಯಲಿಲ್ಲ. ಮಲಗಿದ್ದೆ, ಮೈಗೇನೂ ಆಗದೆ.

ಇವತ್ತು ಸೇತುಮಾಧವ ತಾನೇ ಕರೆದ. ಅವಳದು ತಪ್ಪಲ್ಲ, ಬರೆದವನದು ಎಂದು ಸಾಹೇಬರ ಮುಂದೆ ಒಪ್ಪಿ ಬರೆದುಕೊಟ್ಟರೆ ಅರ್ಜಿಯನ್ನು ಮತ್ತೆ ನೋಡುತ್ತಾರಂತೆ. ನಾಳೆಯೇ ಕೊನೆ. ಆದರೆ ಹಾಗೆ ಬರೆದುಕೊಟ್ಟವನನ್ನು ಆಮೇಲೆ ಅಂಗಳದಲ್ಲಿ ಕೂಡಲು ಬಿಡುವುದಿಲ್ಲ, ಸಾಹೇಬರು ಅದನ್ನೂ ಹೇಳಿದ್ದಾರಂತೆ. ಇಪ್ಪತ್ತೆರಡು ವರ್ಷ ಕೂತ ಜಾಗ. "ವಿಚಾರ ಮಾಡ್ರಿ" ಅಂದ. ಅವನ ಮುಖದಲ್ಲಿ ನಗು ಇದೆಯೇ ಎಂದು ಹುಡುಕಿದೆ. ಇದ್ದಿದ್ದರೆ ಚೆನ್ನಾಗಿತ್ತು, ನಾಲ್ಕು ಬೈದು ಬರಬಹುದಿತ್ತು.

ತೆಲುಗಿನಲ್ಲಿ ಒಂದು ಪುಟ ಬರೆದೆ. ಬೇರೆಯವರ ತಪ್ಪೊಪ್ಪಿಗೆ ಎಷ್ಟೋ ಬರೆದಿದ್ದೇನೆ, ಒಂದೇ ಏಟಿಗೆ. ಇದನ್ನು ಮೂರು ಸಲ ಹರಿದೆ.

18-7, ಬೆಳಿಗ್ಗೆ ಹತ್ತೂವರೆ

ಆಫೀಸಿನ ಬೆಂಚು. ಸಾಹೇಬ ಇನ್ನೂ ಬಂದಿಲ್ಲ. ಹತ್ತಕ್ಕೆ ಬರಬೇಕಾದವನು. ಇವನಿಗೆ ಸಂಬಳ, ನನಗೆ ಶಿಕ್ಷೆ.

ಗಾದಿಲಿಂಗಮ್ಮ ಪಕ್ಕದಲ್ಲೇ ಕೂತಿದ್ದಾಳೆ. ಸೇತುಮಾಧವ ಹೇಳಿ ಕಳಿಸಿದ್ದಾನೆ, ಯಾಕೆಂದು ಹೇಳಿಲ್ಲ. ನಾನೂ ಹೇಳಿಲ್ಲ. ಆಫೀಸಿನವರ ಜೊತೆ ಜಗಳಕ್ಕೆ ಬಂದಿದ್ದೇನೆ ಎಂದೇ ಅವಳು ತಿಳಿದಿದ್ದಾಳೆ. ಮಕ್ಕಳನ್ನು ಯಾರದೋ ಜಗುಲಿಯ ಮೇಲೆ ಬಿಟ್ಟು ಬಂದಳಂತೆ. ಎರಡು ಜೋಳದ ರೊಟ್ಟಿ ತಂದಿದ್ದಾಳೆ, ನನಗೆ. ಗುರೆಳ್ಳು ಪುಡಿ ಹಾಕಿ.

ಬರೆಯುತ್ತ ಕೂತಿರುವುದು ಅವಳ ಮುಖ ನೋಡಬಾರದೆಂದೇ.

"ತಾತಾ, ಎಲ್ಲಾರೂ ನನ್ನ ಕಳ್ಳಿ ಅಂದ್ರು. ನೀ ಒಬ್ಬನ ನಂಬಿದಿ" ಅಂದಳು ಈಗ.

ಜೀಪಿನ ಸದ್ದು. ಬಂದ. ಒಳಗೆ ಹೋಗಿ ಎಲ್ಲರ ಮುಂದೆ ಹೇಳುವುದು ದೊಡ್ಡದಲ್ಲ. ಅದಕ್ಕೆ ಮೊದಲು ಇವಳಿಗೆ ಇಲ್ಲೇ, ಈ ಬೆಂಚಿನ ಮೇಲೆ...

ಪೆನ್ನು ಮುಚ್ಚಬೇಕು. ಗಾದಿಲಿಂಗಮ್ಮಾ, ಕೇಳಿಲ್ಲಿ ಎಂದು ಶುರು ಮಾಡಿ —